ಮೂಳೆ ಬೆಳೆಸುವ ಮೇಡಂ

ಪಾಠ ಮಾಡಿ, ಹಾಜರಿ ತೆಗೆದುಕೊಂಡು, ಸಂಜೆ ಮನೆಗೆ ಹೋಗುವ ಮೇಷ್ಟ್ರುಗಳ ಬದುಕಿನಲ್ಲಿ ಏನೂ ಆಗುವುದಿಲ್ಲ. ಶಿರಸಿಯಂಥ ಊರಿನಲ್ಲಿ ಕೂತು ಎಲುಬಿನ ಮಜ್ಜೆಯ ಜೀವಕೋಶ ಬೆಳೆಸುತ್ತೇನೆ ಎಂದು ಹೊರಟು ನೋಡಿ, ಫಜೀತಿಗಳು ಮನೆ ಹುಡುಕಿಕೊಂಡು ಬರುತ್ತವೆ. ನನಗಂತೂ ಬಂದವು. ಇನ್ನೂ ಬರುತ್ತಲೇ ಇವೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲ ಕಾಲೇಜುಗಳಿಗೂ ಬಯೋಟೆಕ್ನಾಲಜಿಯ ಹುಚ್ಚು ಹಿಡಿದಿತ್ತಲ್ಲ, ಆಗಿನ ಮಾತು. ನಮ್ಮ ಕಾಲೇಜಿಗೂ ಒಂದು ಸಣ್ಣ ಸಂಶೋಧನಾ ಪ್ರಾಜೆಕ್ಟು ಬಂತು. ಅದು ನನ್ನ ಕೊರಳಿಗೆ ಬಿತ್ತು. ಬಿತ್ತು ಅಂದರೆ ಸುಳ್ಳಾಗುತ್ತದೆ, ನಾನೇ ಜಗಳ ಮಾಡಿ ಹಾಕಿಕೊಂಡೆ. ವಿಷಯ ಇಷ್ಟೇ: ಮೂಳೆಯ ಒಳಗಿನ ಮಜ್ಜೆಯಲ್ಲಿ ಸ್ಟೆಮ್ ಸೆಲ್ ಎಂಬ ಜಾತಿಯ ಜೀವಕೋಶ ಇರುತ್ತದೆ. ತಾನು ಮುಂದೆ ಏನಾಗಬೇಕು ಎಂದು ಅದು ಇನ್ನೂ ತೀರ್ಮಾನ ಮಾಡಿರುವುದಿಲ್ಲ, ನಮ್ಮ ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳ ಹಾಗೆ. ಅದಕ್ಕೆ ಸರಿಯಾದ ಹಂದರ ಕಟ್ಟಿಕೊಟ್ಟು, ಅನ್ನ ಹಾಕಿ, ಬೆಚ್ಚಗೆ ಇಟ್ಟರೆ ಹಂದರದ ಮೇಲೆ ಹಬ್ಬಿ ಮೂಳೆಯಾಗುತ್ತದೆ. ಮುಂದೊಂದು ದಿನ ಮೂಳೆ ಪುಡಿಯಾದವರಿಗೆ ಅದನ್ನೇ ಕೂಡಿಸಬಹುದು ಎಂಬ ಆಸೆ.

ಬೆಚ್ಚಗೆ ಇಡಲು ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆ. ಒಳಗೆ ಮೈ ಶಾಖದಷ್ಟೇ ಶಾಖ, ಸಿಲಿಂಡರಿನಿಂದ ಹದವಾಗಿ ಕಾರ್ಬನ್ ಡೈ ಆಕ್ಸೈಡ್ ಗ್ಯಾಸು. ಬಾಗಿಲು ತೆಗೆದರೆ ಎರಡೂ ಹೊರಗೆ ಹೋಗುತ್ತವೆ. ತೆಗೆಯಬಾರದು. ಇದನ್ನು ವಿದ್ಯಾರ್ಥಿಗಳಿಗೆ ಗಂಟಲು ಹರಿಯುವಂತೆ ಹೇಳುವವಳೂ ನಾನೇ, ಗಳಿಗೆಗೊಮ್ಮೆ ಹೋಗಿ ತೆಗೆಯುವವಳೂ ನಾನೇ. ಏನು ಮಾಡಲಿ, ನನ್ನ ಜಾಯಮಾನವೇ ಹಾಗೆ. ಕೂತಲ್ಲಿ ಕೂರಲಾರೆ. ಅನ್ನ ಬೇಯುವಾಗ ಮುಚ್ಚಳ ತೆಗೆದು ನೋಡುವವಳು, ಬಸ್ಸು ಬರುವ ಮೊದಲೇ ರಸ್ತೆಯ ನಡುವೆ ಹೋಗಿ ಬಗ್ಗಿ ನೋಡುವವಳು.

ಮೊದಲ ಎರಡು ಬ್ಯಾಚಿನ ಕೋಶಗಳೂ ಸತ್ತವು. ಆಗ ಮೇಲಿನಿಂದ ಮಾತು ಬಂತು: ದಸರೆ ಮುಗಿದ ಕೂಡಲೇ ತಜ್ಞರ ಸಮಿತಿ ಬರುತ್ತದೆ. ಹಂದರದ ಮೇಲೆ ಜೀವಂತ ಕೋಶ ತೋರಿಸದಿದ್ದರೆ ಪ್ರಾಜೆಕ್ಟು ಬಂದ್, ಇನ್‌ಕ್ಯುಬೇಟರು ಬೇರೆ ಊರಿನ ಕಾಲೇಜಿಗೆ. ನನ್ನ ಪೆಟ್ಟಿಗೆಯನ್ನು ಲಾರಿಗೆ ಹೇರಿಕೊಂಡು ಹೋಗುವುದಂತೆ! ಅವತ್ತಿನಿಂದ ನನಗೆ ಊಟ ಸೇರಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಮಟನ್ ಅಂಗಡಿ

ಮಜ್ಜೆ ಬೇಕೆಂದರೆ ಮೂಳೆ ಬೇಕು. ಮೂಳೆ ಬೇಕೆಂದರೆ ಮಟನ್ ಅಂಗಡಿಗೆ ಹೋಗಬೇಕು. ನಮ್ಮದು ಈರುಳ್ಳಿಯನ್ನೂ ಯೋಚನೆ ಮಾಡಿ ಹೆಚ್ಚುವ ಮನೆ. ಮೊದಲ ಬ್ಯಾಚಿಗೆಂದು ಹೋದ ದಿನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆಚೆ ಈಚೆ ನೋಡುತ್ತ ಅಂಗಡಿಯ ಮುಂದೆ ನಿಂತೆ. ಸುಮ್ಮನೆ ಹೋಗಿದ್ದರೆ ಯಾರೂ ನೋಡುತ್ತಿರಲಿಲ್ಲ. ಸೆರಗು ಎಳೆದುಕೊಂಡ ಕಾರಣಕ್ಕೆ ಇಡೀ ಬೀದಿ ನೋಡಿತು.

ಅಂಗಡಿಯ ಯಜಮಾನರು ಒಳ್ಳೆಯವರು. "ಏನು ಕೊಡ್ಲಿ ಮೇಡಂ?" ಅಂದರು.

"ತೊಡೆಯ ಮೂಳೆ. ಕುರಿ ಎಳೆಯದಾಗಿರಬೇಕು. ಈಗಷ್ಟೇ ಕಡಿದದ್ದಾಗಬೇಕು. ಮೂಳೆ ಮಾತ್ರ ಒಡೆಯಬಾರದು."

"ಸೂಪಿಗೆ ಒಡೆದೇ ಹಾಕ್ಬೇಕು ಮೇಡಂ. ಇಲ್ಲಾಂದ್ರೆ ರುಚಿ ಬಿಡೋದಿಲ್ಲ."

"ಸೂಪಿಗಲ್ಲ."

"ನಾಯಿಗಾ?"

"ಅಲ್ಲ ಮಾರಾಯ್ರೇ, ಬೆಳೆಸೋದಕ್ಕೆ!"

ಅವರ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. ಹಿಂದೆ ನಿಂತಿದ್ದ ಗಿರಾಕಿಗಳು ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲೇ ನಿಂತು ಮಜ್ಜೆ, ಜೀವಕೋಶ, ಹಂದರ ಎಲ್ಲ ವಿವರಿಸಿದೆ. ಯಜಮಾನರು ಪೂರ್ತಿ ಕೇಳಿಸಿಕೊಂಡು, ಮೂಳೆಯನ್ನು ನಾನು ತಂದಿದ್ದ ಐಸ್ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟು ಕೊಟ್ಟರು.

ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಸುದ್ದಿ ಊರಿಡೀ ಹಬ್ಬಿ, 'ಮೂಳೆ ಬೆಳೆಸುವ ಮೇಡಂ' ಎಂದು ಹೆಸರು ಬಿದ್ದಾಗಿತ್ತು. ಯಜಮಾನರು ಸರತಿಯಲ್ಲಿದ್ದವರನ್ನೆಲ್ಲ ಬದಿಗೆ ಸರಿಸಿ ನನ್ನನ್ನು ಮುಂದೆ ಕರೆದರು. ಮೂಳೆ ಕೊಡುತ್ತ ಮೆಲ್ಲಗೆ ಕೇಳಿದರು: "ಮೇಡಂ, ಮೂಳೆ ಬೆಳೆಸೋದು ಸರಿ. ಅದರ ಮೇಲೆ ಮಾಂಸ ಬೆಳೆಸೋದು ಯಾವಾಗ ಶುರು ಮಾಡ್ತೀರಿ? ಮೊದಲೇ ಒಂದು ಮಾತು ಹೇಳಿ. ನಾನು ಬೇರೆ ಧಂದೆ ನೋಡ್ಕೋಬೇಕಲ್ಲ."

ಅತ್ತೆಯ ಬಂಗು

ಇನ್ನು ಹಂದರದ ಕಥೆ. ಪೇಟೆಯಲ್ಲಿ ಸಿಗುವ ಹಂದರಗಳಿಗೆ ಬೆಂಕಿಯಂಥ ಬೆಲೆ. ನಾನು ಬೇರೆ ದಾರಿ ಹುಡುಕಿದೆ. ಗಿಡಮೂಲಿಕೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಮಾರುತ್ತಾರಲ್ಲ, ಬೆಳ್ಳಗೆ, ಹಗುರಕ್ಕೆ, ಮೈತುಂಬ ಸಣ್ಣ ಸಣ್ಣ ತೂತು, ಕೋಶ ಹಬ್ಬಲು ಹೇಳಿ ಮಾಡಿಸಿದ ಹಾಗಿರುತ್ತದೆ. ಅದನ್ನು ಎಂಟಾಣೆ ಬಿಲ್ಲೆಯಷ್ಟು ಕೊಯ್ದು, ಉಜ್ಜಿ, ಬೇಯಿಸಿ, ಒಣಗಿಸಿ ಹದ ಮಾಡಬೇಕು.

ಕಾಲೇಜಿನಲ್ಲಿ ಎರಡು ದಿನ ಕರೆಂಟಿಲ್ಲ. ಇದ್ದ ಯು.ಪಿ.ಎಸ್. ಇನ್‌ಕ್ಯುಬೇಟರಿಗೇ ಸಾಲದು. ಕಾಯುವ ಪೈಕಿ ನಾನಲ್ಲ. ಬಿಲ್ಲೆಗಳನ್ನು ಮನೆಗೆ ತಂದು ಅತ್ತೆಯ ಹತ್ತಿರ ಕುಕ್ಕರ್ ಕೇಳಿದೆ.

"ಎಂತ ಅದು?" ಅಂದರು ಅತ್ತೆ.

"ಸಮುದ್ರನೊರೆ ಅತ್ತೆ."

"ಓ, ಔಷಧಿ ಅಲ್ದ! ಅಡ್ಡಿಲ್ಲೆ, ತಗ."

ಅದು ಕಪ್ಪೆಬೊಂಡಾಸ್ ಎಂಬ ಕಡಲ ಪ್ರಾಣಿಯ ಬೆನ್ನಿನ ಚಿಪ್ಪು ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಬೇಯಿಸಿ, ತಟ್ಟೆಯಲ್ಲಿ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ ಹಿತ್ತಲ ಬಿಸಿಲಿಗೆ ಇಟ್ಟು ಕಾಲೇಜಿಗೆ ಹೋದೆ. ಸಂಜೆ ಬಂದು ನೋಡಿದರೆ ತಟ್ಟೆಯಲ್ಲಿ ಬಿಲ್ಲೆ ಅರ್ಧಕ್ಕರ್ಧ ಇಲ್ಲ. ಜಗುಲಿಯಲ್ಲಿ ಅತ್ತೆ ಮತ್ತು ಪಕ್ಕದ ಮನೆಯ ಅಮ್ಮ ಇಬ್ಬರೂ ಮುಖಕ್ಕೆ ಬೆಳ್ಳಗೆ ಬಳಿದುಕೊಂಡು, ತುಟಿ ಅಲುಗಿಸದೆ ಮಾತಾಡುತ್ತ ಕೂತಿದ್ದಾರೆ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೊಕ್ಕ ಹಾಗಾಯಿತು.

"ಅತ್ತೇ! ನನ್ನ ಹಂದರ!"

"ಕೂಗಡ ಕೂಸೆ. ಮುಖದ ಕಪ್ಪು ಕಲೆಗೆ, ಬಂಗಿಗೆ ಭಾರೀ ಒಳ್ಳೇದು ಇದು. ನಿಂಬೆಹುಳಿಯಲ್ಲಿ ತೇದು ಹಚ್ಚವು. ನೀನು ಬೇಯಿಸಿ ಇಟ್ಟಿದ್ದಕ್ಕೆ ಕಲ್ಲಿನ ಮೇಲೆ ಬೆಣ್ಣೆ ಹಾಂಗೆ ತೇದತ್ತು."

ನನಗೆ ಅಳಬೇಕೋ ಕೂಗಬೇಕೋ ತಿಳಿಯಲಿಲ್ಲ. ಸಿಟ್ಟು ನೆತ್ತಿಗೇರಿತು. ಸತ್ಯ ಹೇಳಿಯೇಬಿಟ್ಟೆ: "ಅತ್ತೆ, ಅದು ಔಷಧಿ ಬೇರಲ್ಲ. ಮೀನಿನಂಥದ್ದೇ ಒಂದು ಪ್ರಾಣಿಯ ಎಲುಬು!"

ಪಕ್ಕದ ಮನೆಯ ಅಮ್ಮ ಎದ್ದು ಬಚ್ಚಲಿಗೆ ಓಡಿದರು. ಅತ್ತೆ ಕದಲಲಿಲ್ಲ. ಕನ್ನಡಿ ತರಿಸಿ ನೋಡಿಕೊಂಡರು. ಆಮೇಲೆ ಹೇಳಿದರು: "ತಿಂದಿದ್ದಲ್ದಲೇ, ಹಚ್ಚಿದ್ದು. ನಾಳೆ ಎರಡು ಬಿಲ್ಲೆ ಹೆಚ್ಚಿಗೆ ಬೇಯ್ಸು."

ಬಸ್ಸಿನಲ್ಲಿ ಮೂರನೆಯದು

ಮೂರನೇ ಬ್ಯಾಚು ಸಾಯಬಾರದು ಎಂದು ಹಟ ಹಿಡಿದು, ಕುರಿ ಮೂಳೆ ಹೊತ್ತುಕೊಂಡು ಹುಬ್ಬಳ್ಳಿಯ ಕಡೆ ದೊಡ್ಡ ಲ್ಯಾಬಿನಲ್ಲಿದ್ದ ಗೆಳತಿಯ ಹತ್ತಿರ ಹೋದೆ. ಅಲ್ಲಿ ಮಜ್ಜೆ ತೆಗೆದು, ಕೋಶ ಬೇರ್ಪಡಿಸಿ, ಬಾಟಲಿಯಲ್ಲಿ ಬೆಳೆಯಲು ಬಿಟ್ಟು ಬಂದೆ. ಅವು ಚಿಗುರಿದವು ಎಂದು ಫೋನು ಬಂದ ಕೂಡಲೇ ತರಲು ಓಡಿದೆ.

ದಾರಿಯಲ್ಲಿ ಬೆಚ್ಚಗಿರಬೇಕು, ಕುಲುಕಬಾರದು. ಮೈ ಶಾಖ ಬೇಕಾದ ವಸ್ತುವಿಗೆ ಮೈಗಿಂತ ಒಳ್ಳೆಯ ಜಾಗ ಯಾವುದು? ಅಂಗೈ ಅಗಲದ ಚಪ್ಪಟೆ ಬಾಟಲಿಗಳನ್ನು ಹತ್ತಿಯಲ್ಲಿ ಸುತ್ತಿ, ಪಂಚೆಯಲ್ಲಿ ಹೊಟ್ಟೆಗೆ ಕಟ್ಟಿಕೊಂಡು, ಮೇಲೆ ಸೆರಗು ಹೊದ್ದು ಯಲ್ಲಾಪುರದ ಮೇಲೆ ಹೋಗುವ ಬಸ್ಸು ಹತ್ತಿದೆ. ಬಸ್ಸು ತುಂಬಿ ತುಳುಕುತ್ತಿತ್ತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತೆ. ಹೊಂಡ ಬಂದಾಗಲೆಲ್ಲ ನನ್ನ ಬಾಯಿಂದ ತಾನಾಗಿ "ಅಯ್ಯೋ, ಅಯ್ಯೋ" ಬರುತ್ತಿತ್ತು.

ಹಾವೇರಿ ಕಡೆಯ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಿದ್ದವಳು ಕೇಳಿದಳು: "ಎಷ್ಟನೇದವ್ವಾ?"

ನನ್ನ ಗಮನವೆಲ್ಲ ಬಾಟಲಿಯ ಮೇಲೆ. "ಮೂರನೇದು" ಅಂದೆ.

"ಮೊದಲಿನ ಎರಡನ್ನೂ ಮನ್ಯಾಗ ಬಿಟ್ಟು ಬಂದಿ ಏನು?"

"ಎರಡೂ ಸತ್ತು ಹೋದವು. ಒಂದಕ್ಕೆ ಸೋಂಕು ತಗಲಿತು. ಇನ್ನೊಂದು ಕರೆಂಟ್ ಹೋಗಿ ಸತ್ತಿತು."

"ಯವ್ವಾ! ಆಪರೇಷನ್ ನಡುವ ಕರೆಂಟ್ ಹೋತೇನು? ಆ ದವಾಖಾನಿ ಸುಡ್ಲಿ!" ಎಂದು ಅಜ್ಜಿ ಕಣ್ಣೊರೆಸಿಕೊಂಡು, ಪಕ್ಕದವನನ್ನು ರಟ್ಟೆ ಹಿಡಿದು ಎಬ್ಬಿಸಿ ನನ್ನನ್ನು ಕೂಡಿಸಿದಳು. ಆಗ ನನಗೆ ವಿಷಯ ತಲೆಗೆ ಹೋಯಿತು. ಸತ್ಯ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಸೀಟು ಸಿಕ್ಕಾಗಿತ್ತು, ಸುಮ್ಮನಾದೆ.

ಅಜ್ಜಿಯ ಬಾಯಿಂದ ಕಂಡಕ್ಟರಿಗೆ, ಕಂಡಕ್ಟರನಿಂದ ಡ್ರೈವರಿಗೆ ಸುದ್ದಿ ಹೋಯಿತು. ಮಂಚಿಕೇರಿ ದಾಟಿದ ಮೇಲೆ ರಸ್ತೆಗಿಂತ ಹೊಂಡವೇ ಜಾಸ್ತಿ. ಡ್ರೈವರು ಒಂದೊಂದನ್ನೂ ಬಳಸಿ ಬಳಸಿ, ದಿಬ್ಬಣದ ಎತ್ತಿನಗಾಡಿ ಹೊಡೆದ ಹಾಗೆ ಹೊಡೆದ. ನನಗಂತೂ ಒಳಗೊಳಗೇ ಚಡಪಡಿಕೆ, ಬೇಗ ಹೋಗಿ ಬಾಟಲಿ ಪೆಟ್ಟಿಗೆಗೆ ಸೇರಿಸಬೇಕು. ತಡೆಯಲಾರದೆ, "ಸ್ವಲ್ಪ ಜೋರಾಗಿ ಹೊಡೀರಿ" ಎಂದು ಕೂಗಿದೆ. ಬಸ್ಸಿಗೆ ಬಸ್ಸೇ ಗಾಬರಿಯಾಯಿತು. "ಬ್ಯಾನಿ ಸುರುವಾತು!" ಎಂದಳು ಅಜ್ಜಿ. ಶಿರಸಿ ನಿಲ್ದಾಣದಲ್ಲಿ ನಾಲ್ಕು ಜನ ಕೈ ಹಿಡಿದು ಇಳಿಸಿದರು. ಆಟೋದವನಿಗೆ ನಾನು "ಕಾಲೇಜಿಗೆ ಬಿಡಪ್ಪ" ಎಂದಾಗ ಅವನು ನನ್ನ ಹೊಟ್ಟೆ ನೋಡಿ, ಮುಖ ನೋಡಿ, "ಇಂಥಾ ಹೊತ್ತಲ್ಲೂ ರಜೆ ಕೊಡಲ್ವಾ ಅವರು?" ಅಂದ.

ಬಹಳ ದಿನಗಳ ಮೇಲೆ ಅದೇ ಕಂಡಕ್ಟರ್ ಸಿಕ್ಕ. ಖುಷಿಯಿಂದ ಕೇಳಿದ: "ಅಕ್ಕಾರ, ಕೂಸು ಆರಾಮ ಐತ್ರೀ?"

ನಾನು ಯಾವುದೋ ಯೋಚನೆಯಲ್ಲಿದ್ದೆ. "ಆರಾಮ. ಒಂದಿಷ್ಟು ಬೆಳೀತಾ ಇದೆ, ಉಳಿದದ್ದು ಫ್ರೀಜರಿನಲ್ಲಿ ಇಟ್ಟಿದ್ದೇನೆ" ಅಂದೆ.

ಟಿಕೆಟ್ಟನ್ನೂ ಕೊಡದೆ ಹಿಂದಿನ ಬಾಗಿಲಿಗೆ ಹೋದವನು ಶಿರಸಿ ಬರುವವರೆಗೆ ನನ್ನ ಕಡೆ ತಿರುಗಲಿಲ್ಲ.

ಶಾರದೆ ಕೂತಳು

ಹೀಗೆ ಹೊಟ್ಟೆಯಲ್ಲಿ ಹೊತ್ತು ತಂದ ಕೋಶಗಳನ್ನು, ಅತ್ತೆಯ ಮುಖದಿಂದ ಉಳಿದ ಬಿಲ್ಲೆಗಳ ಮೇಲೆ ಬಿತ್ತಿ ಪೆಟ್ಟಿಗೆಯಲ್ಲಿಟ್ಟೆ. ಸಮಿತಿ ಬರುವುದು ವಿಜಯದಶಮಿಯ ಮಾರನೇ ದಿನ. ಇದೇ ಕಡೆಯ ಅವಕಾಶ. ಬಿತ್ತಿದ ಮೇಲೆ ನನಗೆ ನಿದ್ದೆಯಿಲ್ಲ. ಹೋಗುವುದು, ಬಾಗಿಲು ತೆಗೆಯುವುದು, ತಟ್ಟೆ ಎತ್ತಿ ನೋಡುವುದು, ಇಡುವುದು, ಮತ್ತೆ ಹೋಗುವುದು. ಬಿಲ್ಲೆಯ ಸುತ್ತ ಕೋಶಗಳು ಕಳಚಿ ತೇಲುವುದು ಕಂಡರೆ ಇನ್ನಷ್ಟು ಗಾಬರಿಯಾಗಿ ಇನ್ನೊಮ್ಮೆ ತೆಗೆಯುವುದು.

ನವರಾತ್ರಿಯ ನಡುವೆ ಒಂದು ದಿನ ಗಂಡನ ಮೂಲಮನೆಗೆ ಪೂಜೆಗೆ ಹೋಗಲೇಬೇಕಾಯಿತು. ಹೊರಡುವ ಮೊದಲು ಕೋಶಗಳಿಗೆ ಹೊಸ ಅನ್ನ, ಅಂದರೆ ಗುಲಾಬಿ ಬಣ್ಣದ ದ್ರವ, ಹಾಕಿದೆ. ಊಟಕ್ಕೆ ಕೂತರೂ ಮನಸ್ಸೆಲ್ಲ ಪೆಟ್ಟಿಗೆಯಲ್ಲಿ. ಪಾಯಸ ಬರುವ ಮೊದಲೇ ಎದ್ದು ಬಸ್ಸು ಹಿಡಿದು ಬಂದೆ.

ಲ್ಯಾಬಿನ ಬಾಗಿಲು ತೆಗೆದು ನೋಡುತ್ತೇನೆ: ಇನ್‌ಕ್ಯುಬೇಟರಿನ ತಲೆಯ ಮೇಲೆ ಶಾರದೆಯ ಫೋಟೋ. ಮಾವಿನ ತೋರಣ, ಸೇವಂತಿಗೆ ಹಾರ. ಗ್ಯಾಸ್ ಸಿಲಿಂಡರಿಗೆ ಅರಿಸಿನ ಕುಂಕುಮ. ಪೆಟ್ಟಿಗೆಯ ಬಾಗಿಲಿಗೆ ಒತ್ತಿ, ನೆಲದಿಂದ ನನ್ನ ಭುಜದವರೆಗೆ, ಇಡೀ ಕಾಲೇಜಿನ ಪುಸ್ತಕಗಳು ಸಾಲಾಗಿ ಪೇರಿಸಿ ಕೂತಿವೆ, ಮೇಲೆ ಕೆಂಪು ವಸ್ತ್ರ.

ನಮ್ಮ ಗಣಿತದ ಮೇಷ್ಟ್ರು ಸಿದ್ದಾಪುರದ ಕಡೆಯವರು, ನಿವೃತ್ತಿಗೆ ಹತ್ತಿರವಾದ ಹಿರಿಯರು. ಕಾಲೇಜಿನ ಎಲ್ಲ ಪೂಜೆಗೂ ಅವರದೇ ಪೌರೋಹಿತ್ಯ. ಓಡಿಹೋಗಿ ಅವರನ್ನು ಹಿಡಿದೆ.

"ಸರ್, ಇದೇನು ಮಾಡಿದ್ದೀರಿ? ಯಾವಾಗಲೂ ಲೈಬ್ರರಿಯಲ್ಲಿ ಇಡುತ್ತಿದ್ದಿರಲ್ಲ!"

"ಲೈಬ್ರರಿ ಸೋರ್ತಾ ಇದ್ದು ತಂಗಿ. ನಿನ್ನ ಕೋಣೆಯಷ್ಟು ಶುದ್ಧ ಇಡೀ ಕಾಲೇಜಲ್ಲಿ ಇಲ್ಲೆ ಹೇಳಿ ನೀನೇ ಮೀಟಿಂಗಲ್ಲಿ ಹೇಳಿದ್ದೆ. ಬಾಗಿಲಲ್ಲಿ ಬೋರ್ಡೂ ಇದ್ದಲೆ: ಚಪ್ಪಲಿ ಹೊರಗೆ, ಕೈ ತೊಳೆದು ಬನ್ನಿ, ಮಾತಾಡಬೇಡಿ. ಇಷ್ಟು ಮಡಿ ದೇವಸ್ಥಾನದಲ್ಲೂ ಇಲ್ಲೆ!"

"ಸರ್, ನಾನು ಬಾಗಿಲು ತೆಗೆಯಬೇಕು!"

"ಮೂಲಾ ನಕ್ಷತ್ರದಲ್ಲಿ ಶಾರದೆ ಕೂತಾಯ್ದು. ಶ್ರವಣಕ್ಕೆ ವಿಸರ್ಜನೆ, ವಿಜಯದಶಮಿ ದಿನ. ಅಲ್ಲಿವರೆಗೆ ಒಂದು ಪುಸ್ತಕವೂ ಅಲುಗುವ ಹಾಂಗಿಲ್ಲೆ."

"ನನ್ನ ಕೋಶಗಳು ಸಾಯ್ತವೆ!"

"ವಿದ್ಯೆಯ ಅಧಿದೇವತೆ ತಲೆಮೇಲೆ ಕೂತಿದ್ದು. ಎಂತಕ್ಕೆ ಸಾಯ್ತು?"

ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರದೂ ಪುಸ್ತಕ ಆ ರಾಶಿಯಲ್ಲೇ ಇತ್ತು, ಸುಮ್ಮನೆ ಕೈ ಮುಗಿದರು. ಗಂಡನಿಗೆ ಫೋನು ಮಾಡಿ ಗೋಳಾಡಿದೆ. "ಪಾಯಸ ಬಿಟ್ಟು ಹೋದೆಯಲ್ಲ, ಅನುಭವಿಸು" ಅಂದರು.

ಆ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಪುಸ್ತಕದ ರಾಶಿಯ ಮುಂದೆ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿದೆ. ಕಾಲು ಸೋತಾಗ ಅಲ್ಲೇ ನೆಲದಲ್ಲಿ ಕೂತು, ಕಣ್ಣು ಮುಚ್ಚಿ, ಗಣಿತದ ಮೇಷ್ಟ್ರನ್ನು ಬಾಯಲ್ಲೇ ಮಣಮಣ ಬೈದೆ. ಆರತಿಗೆ ಬಂದವರು, "ಮೇಡಂ ಎಷ್ಟು ಶ್ರದ್ಧೆಯಿಂದ ಜಪ ಮಾಡ್ತಾರೆ ನೋಡಿ" ಎಂದು ಸದ್ದು ಮಾಡದೆ ಹೋದರು. ಒಬ್ಬರು ಎಸ್ಸೆಸ್ಸೆಲ್ಸಿ ಓದುವ ಮಗಳನ್ನು ಕರೆತಂದು ನನ್ನ ಕಾಲಿಗೆ ಬೀಳಿಸಿದರು. ಒಂದು ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ, ಅರ್ಥಶಾಸ್ತ್ರ ಮತ್ತು ಇತಿಹಾಸದ ನಡುವೆ ಮೆಲ್ಲಗೆ ಕೈ ತೂರಿಸಿ ಹಿಡಿಕೆ ಹುಡುಕಿದೆ. ಅರ್ಥಶಾಸ್ತ್ರ ಕುಸಿದು ಮೈಮೇಲೆ ಬಿತ್ತು. ಸದ್ದಿಗೆ ಪ್ರಿನ್ಸಿಪಾಲರು ಓಡಿ ಬಂದರು. ನಾನು ಪುಸ್ತಕಗಳ ನಡುವೆ ಅಡ್ಡ ಬಿದ್ದಿದ್ದೆ. "ಸಾಷ್ಟಾಂಗ ಮಾಡೋದು ಗಂಡಸರು ಮೇಡಂ" ಎಂದು ತಿದ್ದಿ ಹೋದರು.

ವಿಜಯದಶಮಿ ಬಂತು. ಮೇಷ್ಟ್ರು ಮಂತ್ರವನ್ನು ಒಂದಕ್ಷರ ಬಿಡದೆ ಹೇಳಿದರು. ವಿಸರ್ಜನೆ ಆದ ಮೇಲೆ ಎಲ್ಲರೂ ತಮ್ಮ ಪುಸ್ತಕ ತೆಗೆದು ಒಂದಿಷ್ಟು ಓದಬೇಕೆಂಬುದು ಪದ್ಧತಿ. ಕೈಗೆ ಸಿಕ್ಕ ಪುಸ್ತಕ ತೆರೆದು ಒಂದೇ ಉಸಿರಿಗೆ ಒಂದು ಪುಟ ಓದಿ ಮುಗಿಸಿದೆ. ಏನು ಓದಿದೆನೋ ದೇವರೇ ಬಲ್ಲ. ಪುಸ್ತಕಗಳನ್ನು ಎರಡೂ ಕೈಯಲ್ಲಿ ಆಚೆ ತಳ್ಳಿ ಬಾಗಿಲು ತೆಗೆದೆ.

ಗುಲಾಬಿ ದ್ರವ ಹಳದಿಗೆ ತಿರುಗಿತ್ತು. ಅಂದರೆ ಒಳಗಿದ್ದವರು ಉಂಡಿದ್ದಾರೆ, ಹಾಕಿದ್ದನ್ನೆಲ್ಲ ಮುಗಿಸಿದ್ದಾರೆ! ಒಂದು ಬಿಲ್ಲೆ ತೆಗೆದು ಬಣ್ಣಕ್ಕೆ ಹಾಕಿದೆ. ಜೀವಂತ ಕೋಶ ಇದ್ದಲ್ಲಿ ಮಾತ್ರ ಅದು ನೇರಳೆಯಾಗುತ್ತದೆ. ಕಾದೆ. ಬಿಲ್ಲೆಗೆ ಬಿಲ್ಲೆಯೇ ನೇರಳೆಹಣ್ಣಿನ ಹಾಗಾಯಿತು. ನನಗೆ ಅಳು ಬಂತು. ಎಲ್ಲರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಮೇಷ್ಟ್ರು ಪಂಚಕಜ್ಜಾಯ ಕೈಗೆ ಹಾಕಿದರು.

ಮಾರನೇ ದಿನ ಸಮಿತಿ ಬಂತು. ಅದರ ಹಿರಿಯರು ಬಿಲ್ಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೊದಲ ಎರಡು ಬ್ಯಾಚೂ ಸತ್ತಿವೆ. ಇದು ಇಷ್ಟು ಚೆನ್ನಾಗಿ ಬಂದಿದೆ. ಈ ಸಲ ಬೇರೆ ಏನು ಮಾಡಿದಿರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಚಾ ತಂದಿದ್ದ ಗಣಿತದ ಮೇಷ್ಟ್ರು ಹೇಳಿದರು: "ಪುಸ್ತಕ ಇಟ್ಟಿದ್ವಿ ಸಾರ್."

"ಯಾವ ಪುಸ್ತಕ?" ಎಂದು ಹಿರಿಯರು ಪೆನ್ನು ತೆಗೆದರು.

"ಎಲ್ಲಾ ಪುಸ್ತಕ. ಇತಿಹಾಸ, ಅರ್ಥಶಾಸ್ತ್ರ, ನನ್ನ ತ್ರಿಕೋನಮಿತಿ."

ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ನಡೆದದ್ದೆಲ್ಲ ಹೇಳಿದೆ. ಹಿರಿಯರು ನಗಲಿಲ್ಲ. ಪೆಟ್ಟಿಗೆಯ ಹಿಡಿಕೆ ನೋಡಿದರು, ಅದರ ಬಣ್ಣ ನನ್ನ ಕೈ ತಾಗಿ ತಾಗಿ ಸವೆದಿತ್ತು. ನನ್ನನ್ನು ನೋಡಿದರು. ಅವರು ನೋಡುತ್ತಿದ್ದಾಗಲೂ ನನ್ನ ಕೈ ಮೆಲ್ಲಗೆ ಆ ಹಿಡಿಕೆಯ ಕಡೆ ಹೋಗುತ್ತಿತ್ತು.

"ಪ್ರಾಜೆಕ್ಟು ಮುಂದುವರಿಯಲಿ. ಪೆಟ್ಟಿಗೆಯೂ ಇಲ್ಲೇ ಇರಲಿ" ಅಂದರು. ನನಗೆ ಜೀವ ಬಂತು. "ಒಂದೇ ಷರತ್ತು. ಇದಕ್ಕೆ ಬೀಗ ಇದೆಯಲ್ಲ, ಅದರ ಕೀಲಿ ಗಣಿತದ ಮೇಷ್ಟ್ರ ಹತ್ತಿರ ಇರಬೇಕು."

ಅಂದಿನಿಂದ ನನ್ನ ಕೋಶಗಳು ಹಂದರ ತುಂಬ ಹಬ್ಬಿಕೊಂಡು ಸುಖವಾಗಿವೆ. ನಾನು ಮಾತ್ರ ಗಣಿತ ವಿಭಾಗದ ಬಾಗಿಲ ಮುಂದೆ ಆಚೆ ಈಚೆ ತಿರುಗುತ್ತಿರುತ್ತೇನೆ. ತಡೆಯಲಾಗದೆ ಒಳಗೆ ನುಗ್ಗಿ, "ಸರ್, ಒಂದೇ ಒಂದು ಸಲ, ನೋಡಿ ಮುಚ್ಚಿಬಿಡ್ತೇನೆ, ಕೀಲಿ ಕೊಡಿ" ಎಂದು ಬೇಡಿಕೊಳ್ಳುತ್ತೇನೆ.

ಮೇಷ್ಟ್ರು ಅವಸರ ಮಾಡುವುದಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು, ಮೇಜಿನ ಡ್ರಾ ಎಳೆದು, ಕೀಲಿಯನ್ನು ಬದಿಗೆ ಸರಿಸಿ, ಅದರ ಅಡಿಯಲ್ಲಿದ್ದ ಪಂಚಾಂಗವನ್ನು ಹೊರಗೆ ತೆಗೆಯುತ್ತಾರೆ.

"ಕೂರು ತಂಗಿ. ಮುಹೂರ್ತ ನೋಡಿ ಹೇಳ್ತೆ."